ಹದ ಹಾಕಿದ ಉಕ್ಕನ್ನು ಮನೆಯಲ್ಲೇ ನೀಟಾಗಿ, ಓರೆಯಾಗದಂತೆ ಕತ್ತರಿಸುವುದು

10 ಮಿಲಿಮೀಟರ್ ದಪ್ಪದ ಲೀನಿಯರ್ ಶಾಫ್ಟ್ ಒಂದನ್ನು, ಅಂದರೆ ಬೇರಿಂಗ್ ಜಾರಿ ಓಡಾಡುವ, ಹದ ಹಾಕಿ (ಕಾಯಿಸಿ ತಣಿಸಿ) ಗಟ್ಟಿ ಮಾಡಿದ ಉಕ್ಕಿನ ರಾಡನ್ನು, ಮೊದಲ ಸಲ ವೈಸಿಗೆ ಕಚ್ಚಿಸಿ ಹ್ಯಾಕ್ಸಾ ಇಟ್ಟಿದ್ದು ನನಗಿನ್ನೂ ನೆನಪಿದೆ. ಬ್ಲೇಡು ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ನಾಲ್ಕು ಸಲ ಎಳೆಯುವಷ್ಟರಲ್ಲಿ ಹಲ್ಲೆಲ್ಲ ಬೋಳು, ಶಾಫ್ಟಿನ ಮೇಲೆ ಮಾತ್ರ ಒಂದು ಗೀರೂ ಇಲ್ಲ. ಸಿಟ್ಟು ಬಂದು ಆಂಗಲ್ ಗ್ರೈಂಡರ್ ಎತ್ತಿಕೊಂಡು ಒಂದೇ ಉಸಿರಿಗೆ ಕತ್ತರಿಸಿಬಿಟ್ಟೆ. ತುಂಡಾಯಿತು ನಿಜ. ಆದರೆ ತುದಿ ನವಿಲಿನ ಕತ್ತಿನ ಥರ ನೀಲಿ, ಅಂಚಿನಲ್ಲಿ ಸುತ್ತಲೂ ಲೋಹದ ಮುಳ್ಳು, ಮೂಲೆಮಟ್ಟ ಇಟ್ಟು ನೋಡಿದರೆ ಕಣ್ಣಿಗೇ ಕಾಣುವಷ್ಟು ಓರೆ. ಬೇರಿಂಗ್ ಒಳಗೆ ಅದು ಹೋಗಲೇ ಇಲ್ಲ.

ಅವತ್ತು ನಾನು ಮಾಡಿದ ತಪ್ಪು ಒಂದೇ. ಕತ್ತರಿಸುವ ಕೆಲಸದಲ್ಲೇ ತುದಿಯೂ ನೇರ ಆಗಬೇಕು ಅಂದುಕೊಂಡಿದ್ದೆ. ಅದು ಆಗುವ ಮಾತಲ್ಲ. ತೆಳು ಕಟಿಂಗ್ ಡಿಸ್ಕ್ ಅನ್ನೋದು ಬಾಗುವ ವಸ್ತು, ಕೈ ಅಲ್ಲಾಡುವ ವಸ್ತು, ಎರಡೂ ಸೇರಿದರೆ ಕೊಯ್ತ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹಾಗಾಗಿ ಈಗ ಬೇಕಾದ್ದಕ್ಕಿಂತ ಅರ್ಧ ಮಿಲಿಮೀಟರ್ ಉದ್ದ ಹೆಚ್ಚು ಬಿಟ್ಟು, ಬಿಸಿಯಾಗದಂತೆ ಕತ್ತರಿಸುತ್ತೇನೆ. ಆ ಅರ್ಧ ಮಿಲಿಮೀಟರನ್ನು ಬೇರೆ ಕೆಲಸವಾಗಿ, ಒಂದು ಗೈಡ್ ಇಟ್ಟುಕೊಂಡು, ಉಜ್ಜಿ ನೇರ ಮಾಡುತ್ತೇನೆ. ಮುಂದೆ ಬರೆದಿರುವುದೆಲ್ಲ ಈ ಎರಡು ಕೆಲಸಗಳ ವಿವರ, ಅಷ್ಟೇ.

ಮೊದಲು ಅರ ಹಾಕಿ ನೋಡಿ

ಕೈಯಲ್ಲಿರುವುದು ಎಷ್ಟು ಗಟ್ಟಿ ಅಂತ ತಿಳಿಯದೆ ಯಾವ ಮೆಷಿನ್ನಿಗೂ ಕೈ ಹಾಕಬೇಡಿ. ಇದಕ್ಕೆ ದೊಡ್ಡ ಉಪಕರಣ ಏನೂ ಬೇಡ, ಒಂದು ಹೊಸ ಅರ ಸಾಕು. ಒಳ್ಳೆ ಅರದ ಗಟ್ಟಿತನ ರಾಕ್‌ವೆಲ್ ಸಿ ಅಳತೆಯಲ್ಲಿ 60ರ ಮೇಲೆಯೇ ಇರುತ್ತದೆ. ಕೆಲಸಕ್ಕೆ ಬಾರದ ಒಂದು ಮೂಲೆಯಲ್ಲಿ ಅರವನ್ನು ಒತ್ತಿ ತಳ್ಳಿ. ಅರ ಕಚ್ಚಿ ಪುಡಿ ಉದುರಿದರೆ ಅದು ಅರಕ್ಕಿಂತ ಸಾಕಷ್ಟು ಮೆತ್ತಗಿದೆ ಅಂತ ಅರ್ಥ. ಕಿರ್ ಅಂತ ಜಾರಿ ಬರೀ ಹೊಳಪಿನ ಗೆರೆ ಬಿದ್ದರೆ ಅರದಷ್ಟೇ ಗಟ್ಟಿ ಇದೆ, ಹ್ಯಾಕ್ಸಾ ಆಸೆ ಬಿಡಿ.

12.9 (ಅದು ಬೋಲ್ಟಿನ ಬಲದ ದರ್ಜೆ) ಅಂತ ತಲೆಯ ಮೇಲೆ ಅಚ್ಚಾಗಿರುವ ಆಲನ್ ಬೋಲ್ಟುಗಳನ್ನು ಜನ ಸುಮ್ನೆ ಹೆದರಿಕೊಂಡು ಗ್ರೈಂಡರಿಗೆ ಕೊಡುತ್ತಾರೆ. ಅವು ರಾಕ್‌ವೆಲ್ ಅಳತೆಯಲ್ಲಿ 39ರಿಂದ 44ರ ಒಳಗೇ ಇರುತ್ತವೆ. ಒಳ್ಳೆಯ ಬೈಮೆಟಲ್ ಬ್ಲೇಡ್ (ಬಾಗುವ ಬೆನ್ನಿಗೆ ಗಟ್ಟಿ ಹಲ್ಲು ಬೆಸೆದದ್ದು), ಸ್ವಲ್ಪ ಎಣ್ಣೆ, ನಿಧಾನದ ಎಳೆತ ಇದ್ದರೆ ಕೈಯಲ್ಲೇ ಕೊಯ್ಯಬಹುದು. ಬೇರಿಂಗ್ ರಿಂಗು, ಡವೆಲ್ ಪಿನ್ನು (ಎರಡು ಭಾಗಗಳನ್ನು ಸರಿಯಾಗಿ ಕೂರಿಸುವ ಗುಂಡು ಕಡ್ಡಿ), ಡ್ರಿಲ್ ಬಿಟ್ಟು, ತೂತಿನೊಳಗೆ ತಿರುಪು ಕೊರೆಯುವ ಟ್ಯಾಪು, ಇವೆಲ್ಲ 58ರಿಂದ 65ರ ನಡುವೆ. ಇವುಗಳನ್ನು ಕೊಯ್ಯಲು ಆಗುವುದಿಲ್ಲ, ಸವೆಸಬೇಕು.

ಮೂರನೆಯ ಜಾತಿ ಒಂದಿದೆ, ಅದೇ ಸ್ವಾರಸ್ಯದ್ದು. ಹೊರಗೆ ಕಲ್ಲು, ಒಳಗೆ ಮೆತ್ತಗೆ. ಲೀನಿಯರ್ ಶಾಫ್ಟುಗಳು ಹೆಚ್ಚಾಗಿ ಹೀಗೇ ಇರುತ್ತವೆ, ಕೆಲವು ಪಿನ್ನುಗಳು ಕೂಡ. ಮೇಲಿನ ಒಂದು ಮಿಲಿಮೀಟರ್ ಆಸುಪಾಸು ಮಾತ್ರ 60ರಷ್ಟು ಗಟ್ಟಿ, ತಿರುಳು ಮಾಮೂಲಿ ಉಕ್ಕು. ಶಾಫ್ಟ್ ದಪ್ಪ ಆದಷ್ಟೂ ಈ ಚಿಪ್ಪಿನ ಆಳ ಜಾಸ್ತಿ. ಫ್ಯಾಕ್ಟರಿಯಲ್ಲಿ ಕತ್ತರಿಸಿದ ತುದಿ ಇದ್ದರೆ ಅದರ ನಡುಮಧ್ಯಕ್ಕೆ ಅರದ ಮೂಲೆ ತಾಗಿಸಿ ನೋಡಿ. ನಡುವೆ ಕಚ್ಚಿ, ಅಂಚಲ್ಲಿ ಜಾರಿದರೆ ನಿಮ್ಮ ಅರ್ಧ ಕೆಲಸ ಹಗುರಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಿಸಿಯೇ ಶತ್ರು

ಹದ ಹಾಕಿದ ಉಕ್ಕಿಗೆ ಬಿಸಿ ತಾಗಿದರೆ ಹದ ಹೋಗುತ್ತದೆ. ಎಷ್ಟು ಬಿಸಿ ತಾಗಿತು ಅಂತ ಬಣ್ಣವೇ ಹೇಳುತ್ತದೆ. ಉಜ್ಜಿ ಬೆಳ್ಳಗಾದ ಉಕ್ಕು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 260ರ ಹತ್ತಿರ ಕಂದು, 280ರ ಹತ್ತಿರ ನೇರಳೆ, 300ರ ಹತ್ತಿರ ಕಡುನೀಲಿ. ಬೇರಿಂಗ್ ಉಕ್ಕಿನಂಥದ್ದನ್ನು ಸಾಮಾನ್ಯವಾಗಿ 150ರಿಂದ 200 ಡಿಗ್ರಿಯಲ್ಲೇ ಟೆಂಪರ್ ಮಾಡಿರುತ್ತಾರೆ (ಗಟ್ಟಿ ಮಾಡಿದ ಮೇಲೆ ಮತ್ತೆ ಹಗುರಾಗಿ ಕಾಯಿಸುವುದು), ಅಂದರೆ ನಿಮ್ಮ ಕಣ್ಣಿಗೆ ಬಣ್ಣ ಕಾಣುವ ಹೊತ್ತಿಗೆ ಗಟ್ಟಿತನ ಇಳಿಯಲು ಶುರುವಾಗಿಬಿಟ್ಟಿರುತ್ತದೆ. ನನ್ನ ಆ ನೀಲಿ ತುದಿಗೆ ಅರ ಹಾಕಿದಾಗ ಬೆಣ್ಣೆಯಂತೆ ಅಲ್ಲದಿದ್ದರೂ ಚೆನ್ನಾಗಿಯೇ ಕಚ್ಚಿತು, ಎರಡು ಇಂಚು ಆಚೆ ಹಾಕಿದರೆ ಜಾರಿತು.

ಹೈಸ್ಪೀಡ್ ಸ್ಟೀಲ್ ಮಾತ್ರ ಇದಕ್ಕೆ ಹೊರತು. ಡ್ರಿಲ್ ಬಿಟ್ಟು, ಟ್ಯಾಪುಗಳ ತುದಿ ನೀಲಿಯಾದರೆ ಗಾಬರಿ ಬೇಡ, 500 ಡಿಗ್ರಿಯವರೆಗೂ ಅದು ಗಟ್ಟಿತನ ಬಿಡುವುದಿಲ್ಲ. ಆದರೆ ಕೆಂಡದಂತೆ ಕಾದ ಹೈಸ್ಪೀಡ್ ಸ್ಟೀಲನ್ನು ತಣ್ಣೀರಿಗೆ ಅದ್ದಬೇಡಿ, ಕೂದಲೆಳೆಯ ಬಿರುಕು ಬಿಡುತ್ತದೆ. ತಾನಾಗಿ ಆರಲಿ. ಮಾಮೂಲಿ ಕಾರ್ಬನ್ ಸ್ಟೀಲಿನದು ಉಲ್ಟಾ ಲೆಕ್ಕ: ಬಿಸಿ ಏರುವ ಮುಂಚೆಯೇ, ಬೆರಳಿಗೆ ಚುರುಕ್ ಅನ್ನುವ ಮುಂಚೆಯೇ, ಪದೇ ಪದೇ ಅದ್ದಬೇಕು.

ಕರೆಂಟಿನ ಗ್ರೈಂಡರ್ ಓಡುತ್ತಿರುವಾಗ ಮೇಲಿಂದ ನೀರು ಸುರಿಯುವ ವಿಡಿಯೋ ನೋಡಿ ಹಾಗೇ ಮಾಡಲು ಹೋಗಬೇಡಿ. ಶಾಕ್ ಹೊಡೆಯುತ್ತದೆ. ಮೆಷಿನ್ ನಿಲ್ಲಿಸಿ, ಒದ್ದೆ ಬಟ್ಟೆ ಸುತ್ತಿ ತಣ್ಣಗೆ ಮಾಡಿ, ಬಟ್ಟೆ ತೆಗೆದು ಮತ್ತೆ ಶುರು ಮಾಡಿ. ಬೇಜಾರಿನ ಕೆಲಸ, ಗೊತ್ತು.

ಡಿಸ್ಕ್ ಬಗ್ಗೆ ಎರಡು ಮಾತು

1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಆಕ್ಸೈಡ್ ಡಿಸ್ಕ್ ತಗೊಳ್ಳಿ. 3 ಮಿಲಿಮೀಟರಿನದು ಗಟ್ಟಿಮುಟ್ಟು ಅನ್ನಿಸುತ್ತದೆ, ಆದರೆ ಅದು ಮೂರು ಪಟ್ಟು ಲೋಹ ಪುಡಿ ಮಾಡಬೇಕು, ಅಷ್ಟೇ ಜಾಸ್ತಿ ಬಿಸಿ. ಸಣ್ಣ ಪಿನ್ನುಗಳಿಗೆ ರೋಟರಿ ಟೂಲಿನ (ಪೆನ್ನಿನಂತೆ ಹಿಡಿಯುವ ಪುಟ್ಟ ಗ್ರೈಂಡರಿನ) ನಾರು ಸೇರಿಸಿದ ಡಿಸ್ಕ್ ಒಳ್ಳೆಯದು. ಬರೀ ಕೆಂಪು ಬಿಸ್ಕತ್ತಿನಂತೆ ಇರುವ ನಾರಿಲ್ಲದ ಡಿಸ್ಕ್ ಪಕ್ಕಕ್ಕೆ ಚೂರು ವಾಲಿದರೂ ಸಿಡಿಯುತ್ತದೆ, ಅದರ ಚೂರು ಒಮ್ಮೆ ನನ್ನ ಫೇಸ್ ಶೀಲ್ಡಿಗೆ ಟಪ್ ಅಂತ ಬಡಿದ ಮೇಲೆ ನಾನು ಆ ಪೊಟ್ಟಣವನ್ನೇ ಬಿಸಾಕಿದೆ.

ಟೈಲ್ಸ್ ಕತ್ತರಿಸುವ ಡೈಮಂಡ್ ಡಿಸ್ಕ್ ಹಾಕಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ವಜ್ರ ಅಂದರೆ ಕಾರ್ಬನ್, ಬಿಸಿ ಕಬ್ಬಿಣ ಕಾರ್ಬನ್ನನ್ನು ಹೀರಿಕೊಳ್ಳುತ್ತದೆ. ಗ್ರೈಂಡರಿನ ವೇಗದಲ್ಲಿ ಡಿಸ್ಕು ಬೇಗ ಮೊಂಡಾಗುತ್ತದೆ, ಕೆಲಸವೂ ಮುಗಿಯುವುದಿಲ್ಲ. ಗಟ್ಟಿ ಉಕ್ಕಿಗೆ ಅಂತಲೇ ಇರುವುದು ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್ ಅನ್ನುವ ಗಟ್ಟಿ ಹರಳಿನ) ಚಕ್ರ, ಆದರೆ ಅಪರೂಪಕ್ಕೆ ನಾಲ್ಕು ತುಂಡು ಕತ್ತರಿಸುವವರಿಗೆ ಅದು ಅತಿಯಾಯಿತು.

ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಅದು ಬಳಸಲು ಕೊನೆಯ ದಿನ. ಅಂಟು ಹಳತಾಗಿ ಬಲ ಕಳೆದುಕೊಳ್ಳುತ್ತದೆ. ದಾಟಿದ್ದರೆ ಎಸೆಯಿರಿ. ಡಿಸ್ಕಿನ ಮೇಲೆ ಬರೆದಿರುವ ಆರ್‌ಪಿಎಂ ನಿಮ್ಮ ಮೆಷಿನ್ನಿಗಿಂತ ಜಾಸ್ತಿ ಇರಲೇಬೇಕು. 100 ಮಿಲಿಮೀಟರ್ ಡಿಸ್ಕಿಗೆ ಸುಮಾರು 15,200, 125ರದಕ್ಕೆ ಸುಮಾರು 12,200 ಇರುತ್ತದೆ. ದೊಡ್ಡ ಡಿಸ್ಕ್ ಹಿಡಿಸಲು ಗಾರ್ಡ್ ಬಿಚ್ಚುವವರ ಜೊತೆ ನನಗೆ ವಾದ ಮಾಡುವ ಶಕ್ತಿ ಇಲ್ಲ, ಬಿಚ್ಚಬೇಡಿ ಅಷ್ಟೇ. ಕನ್ನಡಕ, ಅದರ ಮೇಲೆ ಫೇಸ್ ಶೀಲ್ಡ್, ಮಾಸ್ಕ್. ಡಿಸ್ಕ್ ತಿರುಗುವ ನೇರಕ್ಕೆ ಮುಖ ಇಡಬೇಡಿ, ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಿ.

ಗುರುತು, ಹಿಡಿತ, ಕೊಯ್ತ

ಗುಂಡನೆಯ ಶಾಫ್ಟಿಗೆ ಸ್ಕೇಲ್ ಇಟ್ಟು ಗುರುತು ಹಾಕಿದರೆ ಅದು ಒಂದು ಚುಕ್ಕಿ ಮಾತ್ರ, ಸುತ್ತಲೂ ಎಲ್ಲಿ ಹೋಗಬೇಕು ಅಂತ ಗೊತ್ತಾಗುವುದಿಲ್ಲ. ನೇರ ಅಂಚಿನ ಕಾಗದದ ಪಟ್ಟಿ ತಗೊಂಡು ಬಿಗಿಯಾಗಿ ಎರಡು ಸುತ್ತು ಸುತ್ತಿ. ಎರಡನೆಯ ಸುತ್ತಿನ ಅಂಚು ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂತರೆ ಆ ಅಂಚು ಶಾಫ್ಟಿಗೆ ಲಂಬವಾಗಿದೆ ಅಂತಲೇ ಅರ್ಥ. ಚೂರು ಜಾರಿದ್ದರೂ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಆ ಅಂಚಿಗೆ ತಾಗಿಸಿ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಇನ್ನೂ ಒಳ್ಳೆಯದು ಅಂದರೆ ಶಾಫ್ಟ್ ಕಾಲರ್, ಅಂದರೆ ಶಾಫ್ಟಿಗೆ ಸ್ಕ್ರೂ ಹಾಕಿ ಬಿಗಿಯುವ ಬಳೆ: ಅದರ ಮುಖ ಲಂಬವಾಗಿಯೇ ಇರುತ್ತದೆ, ಗೆರೆಯ ಪಕ್ಕ ಬಿಗಿ ಮಾಡಿದರೆ ಕಣ್ಣಿಗೆ ಒಂದು ಗೋಡೆ ಸಿಕ್ಕ ಹಾಗೆ. ದಪ್ಪ ರಾಡಿಗೆ ಪೈಪಿನ ಹೋಸ್ ಕ್ಲಿಪ್ಪೂ ನಡೆಯುತ್ತದೆ.

ವೈಸಿನ ದವಡೆಗೆ ಅಲ್ಯೂಮಿನಿಯಂ ತಗಡು ಮಡಚಿ ಹಾಕಿ. ಶಾಫ್ಟಿನ ಮೈಗೆ ಗೀರು ಬೀಳುವುದಿಲ್ಲ, ಬಿಸಿಯನ್ನೂ ಅದು ಎಳೆದುಕೊಳ್ಳುತ್ತದೆ. ಬೇಕಾದ ತುಂಡು ವೈಸಿನ ಒಳಗಿರಲಿ, ಬೇಡದ ತುಂಡು ಹೊರಗೆ, ಗೆರೆ ದವಡೆಯಿಂದ ಒಂದು ಬೆರಳಿನಷ್ಟು ದೂರ. ಎರಡೂ ಕಡೆ ಬಿಗಿದು ನಡುವೆ ಕತ್ತರಿಸಬೇಡಿ. ಕೊನೆಯಲ್ಲಿ ಸಂದು ಮುಚ್ಚಿಕೊಂಡು ಡಿಸ್ಕನ್ನು ಕಚ್ಚುತ್ತದೆ, ಗ್ರೈಂಡರ್ ಎದೆಗೆ ಹಾರುತ್ತದೆ.

ಈಗ ಕೊಯ್ತ. ಮೇಲಿಂದ ಕೆಳಗೆ ಒಂದೇ ಸಲ ಇಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಹಾಗೆ ಮಾಡಿದರೆ ಮೊದಲ ಮಿಲಿಮೀಟರಿನಲ್ಲಿ ಡಿಸ್ಕ್ ಎತ್ತ ವಾಲಿತ್ತೋ ಕೊನೆಯವರೆಗೂ ಅತ್ತಲೇ ಹೋಗುತ್ತದೆ. ಅದರ ಬದಲು ಗೆರೆಯ ಮೇಲೆ ಅರ್ಧ ಮಿಲಿಮೀಟರ್ ಆಳದ ಗೀರು ಹಾಕಿ, ನಿಲ್ಲಿಸಿ, ಶಾಫ್ಟನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಗೀರು. ನಾಲ್ಕು ಸಲ ತಿರುಗಿಸಿದಾಗ ಗೀರಿನ ತಲೆ ಬಾಲ ಕೂಡಬೇಕು. ಕೂಡದೆ ಪಕ್ಕಕ್ಕೆ ಬಿದ್ದಿದ್ದರೆ ಈಗಲೇ ಸರಿ ಮಾಡಿ, ಇನ್ನೂ ಆಳ ಇಲ್ಲ. ಕೂಡಿದರೆ ಆ ಗೀರೇ ಮುಂದಿನ ಸುತ್ತಿಗೆ ದಾರಿ. ಪ್ರತಿ ಸಲ ಮೂರು ನಾಲ್ಕು ಸೆಕೆಂಡು ತಾಗಿಸಿ ಎತ್ತಿ. ಗ್ರೈಂಡರಿನ ಭಾರವೇ ಸಾಕು, ಒತ್ತುವುದು ಬೇಡ. ಕಿಡಿ ಉದ್ದವಾಗಿ ಸರಾಗ ಹಾರುತ್ತಿದ್ದರೆ ಡಿಸ್ಕ್ ಕಡಿಯುತ್ತಿದೆ; ಕಿಡಿ ಕಡಿಮೆಯಾಗಿ ಕೀರಲು ದನಿ ಬಂದು ಲೋಹ ಕೆಂಪಾಗುತ್ತಿದ್ದರೆ ಡಿಸ್ಕ್ ಮೊಂಡಾಗಿ ಬರೀ ಉಜ್ಜುತ್ತಿದೆ. ಒಂದು ಹಳೆ ಇಟ್ಟಿಗೆ ತುಂಡಿಗೆ ಅಂಚನ್ನು ಹಗುರಾಗಿ ತಾಗಿಸಿದರೆ ಹೊಸ ಹರಳು ಏಳುತ್ತದೆ.

ಚಿಪ್ಪು ಗಟ್ಟಿ, ತಿರುಳು ಮೆತ್ತಗೆ ಇರುವ ಶಾಫ್ಟು ಅಂತ ಅರದಲ್ಲಿ ಗೊತ್ತಾಗಿತ್ತಲ್ಲ, ಅದಕ್ಕೆ ಈಗ ಲಾಭ. ಸುತ್ತಲೂ ಚಿಪ್ಪಿನಷ್ಟು ಆಳಕ್ಕೆ ಡಿಸ್ಕಿನಲ್ಲಿ ಇಳಿದು ನಿಲ್ಲಿಸಿ. ಉಳಿದ ತಿರುಳನ್ನು ಹ್ಯಾಕ್ಸಾದಲ್ಲಿ ಕೊಯ್ಯಿರಿ. ಕಿಡಿ ಇಲ್ಲ, ಬಿಸಿ ಇಲ್ಲ, ಬ್ಲೇಡು ಆ ಗೀರಿನೊಳಗೆ ತಾನಾಗಿ ಕೂತು ಓಡುತ್ತದೆ. ಗೀರಿನ ಗೋಡೆ ಮಾತ್ರ ಗಟ್ಟಿ ಚಿಪ್ಪು, ಬ್ಲೇಡಿನ ಹಲ್ಲು ಅದಕ್ಕೆ ಉಜ್ಜದಷ್ಟು ಗೀರು ಅಗಲ ಇರಬೇಕು. 1 ಮಿಲಿಮೀಟರ್ ಡಿಸ್ಕಿನ ಗೀರು ಸಾಮಾನ್ಯವಾಗಿ ಸಾಕಾಗುತ್ತದೆ, ಬಿಗಿ ಅನ್ನಿಸಿದರೆ ಬೇಡದ ತುಂಡಿನ ಕಡೆಗೆ ಇನ್ನೊಂದು ಚೂರು ಅಗಲಿಸಿ. ನನಗೆ ಈ ಉಪಾಯ ಗೊತ್ತಾದ ಮೇಲೆ ಶಾಫ್ಟ್ ತುದಿ ಒಂದೂ ನೀಲಿಯಾಗಿಲ್ಲ.

ಸಣ್ಣ ಪಿನ್ನುಗಳಿಗೆ, ಅಂದರೆ 6 ಮಿಲಿಮೀಟರ್ ಒಳಗಿನವಕ್ಕೆ, ಇನ್ನೊಂದು ದಾರಿ ಇದೆ. ಪಿನ್ನನ್ನು ಕೈ ಡ್ರಿಲ್ಲಿನ ಚಕ್‌ಗೆ (ಬಿಟ್ಟನ್ನು ಕಚ್ಚುವ ಬಾಯಿಗೆ) ಹಾಕಿ, ರೋಟರಿ ಟೂಲನ್ನು ಬೆಂಚಿಗೆ ಅಲ್ಲಾಡದಂತೆ ಕ್ಲಾಂಪ್ ಮಾಡಿ, ಡ್ರಿಲ್ಲನ್ನು ತೀರಾ ನಿಧಾನ ತಿರುಗಿಸುತ್ತಾ ಪಿನ್ನನ್ನು ಡಿಸ್ಕಿಗೆ ತಾಗಿಸುವುದು. ಪಿನ್ನೇ ಸುತ್ತುವುದರಿಂದ ಗೀರು ತಾನಾಗಿ ಕೂಡುತ್ತದೆ, ಬಿಸಿಯೂ ಒಂದೇ ಕಡೆ ನಿಲ್ಲುವುದಿಲ್ಲ. ಡ್ರಿಲ್ಲಿಗೆ ಎರಡೂ ಕೈ, ತಿರುಗುವ ಸಾಮಾನಿನ ಹತ್ತಿರ ಗ್ಲೌಸ್ ಬೇಡ. ಕೊನೆಗೆ ನಡುವೆ ಸಾಸಿವೆಯಷ್ಟು ಮೊಟಕು ಉಳಿದು ತುಂಡು ಉದುರುತ್ತದೆ, ಅದನ್ನು ಮುಂದಿನ ಹಂತ ನೋಡಿಕೊಳ್ಳುತ್ತದೆ.

ತುದಿ ನೇರ ಮಾಡುವುದು

ಇಲ್ಲಿ ಆತುರ ಮಾಡುವವರೇ ಜಾಸ್ತಿ, ನಿಜವಾದ ಕೆಲಸ ಇರುವುದೂ ಇಲ್ಲೇ. 10 ಮಿಲಿಮೀಟರ್ ರಾಡಿನ ತುದಿ ಒಂದೇ ಒಂದು ಡಿಗ್ರಿ ಓರೆಯಾದರೆ ಈ ಅಂಚಿಗೂ ಆ ಅಂಚಿಗೂ 0.17 ಮಿಲಿಮೀಟರ್ ವ್ಯತ್ಯಾಸ. ಕೈಯಲ್ಲಿ ಹಿಡಿದು ಒಂದು ಡಿಗ್ರಿಯೊಳಗೆ ಉಜ್ಜುತ್ತೇನೆ ಅನ್ನುವವರಿಗೆ ನಮಸ್ಕಾರ, ನನ್ನ ಕೈಯಲ್ಲಂತೂ ಆಗಿಲ್ಲ.

ಒಂದು ಗೈಡ್ ಬ್ಲಾಕ್ ಮಾಡಿಕೊಳ್ಳಿ. 40 ಮಿಲಿಮೀಟರ್ ದಪ್ಪದ ಗಟ್ಟಿಮರ ಅಥವಾ ಅಲ್ಯೂಮಿನಿಯಂ ತುಂಡು. ಅದರಲ್ಲಿ ಡ್ರಿಲ್ ಪ್ರೆಸ್ಸಿನಿಂದ ಶಾಫ್ಟ್ ಬಿಗಿಯಾಗಿ, ಆದರೆ ತಿರುಗುವಂತೆ ಹೋಗುವ ತೂತು. ಮೆಷಿನ್ನಿನ ಟೇಬಲ್ ಸ್ಪಿಂಡಲ್ಲಿಗೆ (ಬಿಟ್ಟನ್ನು ತಿರುಗಿಸುವ ದಂಡಕ್ಕೆ) ಸರಿಯಾಗಿ ಲಂಬವಾಗಿದ್ದರೆ ಟೇಬಲ್ಲಿನ ಮೇಲೆ ಕೂತಿದ್ದ ಮುಖವೇ ತೂತಿಗೆ ಲಂಬವಾದ ಮುಖ, ಅದಕ್ಕೆ ಒಂದು ಗುರುತು ಹಾಕಿಡಿ. ನಂಬಿಕೆ ಇಲ್ಲದಿದ್ದರೆ ಶಾಫ್ಟನ್ನು ತೂರಿಸಿ, ಆ ಮುಖದ ಮೇಲೆ ಮೂಲೆಮಟ್ಟ ನಿಲ್ಲಿಸಿ, ಎರಡು ಕಡೆಯಿಂದ ನೋಡಿ.

ಬೆಂಚ್ ಗ್ರೈಂಡರಿನ ಮುಂದಿನ ಟೇಬಲ್ಲಿಗೆ ಬ್ಲಾಕನ್ನು ಕ್ಲಾಂಪ್ ಮಾಡಿ, ತೂತು ಚಕ್ರದ ಕಡೆ ಮುಖ ಮಾಡಿರಲಿ, ಗುರುತು ಹಾಕಿದ ಮುಖ ಚಕ್ರದ ಅಗಲಕ್ಕೆ ಸಮಾನಾಂತರವಾಗಿರಲಿ. ಶಾಫ್ಟನ್ನು ಹಿಂದಿನಿಂದ ತಳ್ಳುತ್ತಾ, ಬೆರಳಲ್ಲಿ ನಿರಂತರ ತಿರುಗಿಸುತ್ತಾ, ಚಕ್ರಕ್ಕೆ ಮುತ್ತಿಟ್ಟ ಹಾಗೆ ತಾಗಿಸಿ. ಹಿಂದೆ ಒಂದು ಕಾಲರ್ ಬಿಗಿದಿಟ್ಟರೆ ಅದು ಬ್ಲಾಕಿಗೆ ತಾಗಿದಾಗ ಉದ್ದ ಮುಗಿಯಿತು ಅಂತ ತಾನೇ ನಿಲ್ಲುತ್ತದೆ. ನಾಲ್ಕು ತುಂಡು ಒಂದೇ ಉದ್ದ ಬೇಕಾದಾಗ ಇದರಷ್ಟು ಸುಖ ಇನ್ನೊಂದಿಲ್ಲ.

ತಿರುಗಿಸುವುದು ಯಾಕೆ ಅಷ್ಟು ಮುಖ್ಯ ಅಂದರೆ, ತಿರುಗಿಸದೆ ಉಜ್ಜಿದಾಗ ಬ್ಲಾಕ್ ಓರೆ ಇದ್ದರೆ ತುದಿಯೂ ಓರೆ. ತಿರುಗಿಸಿದಾಗ ಅದೇ ತಪ್ಪು ಎಲ್ಲ ಕಡೆಗೂ ಸಮನಾಗಿ ಹಂಚಿಹೋಗಿ ತುದಿ ತೀರಾ ಚಪ್ಪಟೆಯಾದ ಶಂಕುವಿನಂತೆ ಆಗುತ್ತದೆ, ನಡುವೆ ಚೂರು ಉಬ್ಬು. ಮೂಲೆಮಟ್ಟದ ಅಂಚನ್ನು ತುದಿಗೆ ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಆ ಉಬ್ಬಿನ ಎರಡೂ ಪಕ್ಕ ಬೆಳಕು ಕಾಣುತ್ತದೆ. ಬ್ಲಾಕನ್ನು ಒಂದು ಕಡೆಗೆ ಕೂದಲಷ್ಟು ಸರಿಸಿ ಮತ್ತೆ ಉಜ್ಜಿ. ಬೆಳಕು ಜಾಸ್ತಿಯಾದರೆ ತಪ್ಪು ಕಡೆ ಸರಿಸಿದಿರಿ.

ಚಕ್ರ ಬಿಳಿ ಅಲ್ಯೂಮಿನಿಯಂ ಆಕ್ಸೈಡಿನದು, 60 ಅಥವಾ 80 ಗ್ರಿಟ್ ಇರಲಿ (ಸಂಖ್ಯೆ ಹೆಚ್ಚಾದಷ್ಟೂ ಹರಳು ನುಣುಪು). ಬೂದು ಬಣ್ಣದ ಮಾಮೂಲಿ ಚಕ್ರ ಗಟ್ಟಿ ಉಕ್ಕಿನ ಮೇಲೆ ಬೇಗ ನುಣುಪಾಗಿ ಸುಡುತ್ತದೆ. ಉಲ್ಟಾ ಅನ್ನಿಸಬಹುದು, ಆದರೆ ಗಟ್ಟಿ ಉಕ್ಕಿಗೆ ಮೆತ್ತನೆಯ ಚಕ್ರವೇ ಬೇಕು: ಮೊಂಡಾದ ಹರಳು ಬೇಗ ಉದುರಿ ಹೊಸದು ಮುಂದೆ ಬರಬೇಕಲ್ಲ. ಕೆಲಸಕ್ಕೆ ಮುಂಚೆ ಡ್ರೆಸ್ಸರ್ ಹಾಕಿ ಚಕ್ರದ ಮುಖ ಸಮ ಮಾಡಿಕೊಳ್ಳಿ. ಬೆಂಚ್ ಗ್ರೈಂಡರ್ ಇಲ್ಲ ಅಂತ ಕಟಿಂಗ್ ಡಿಸ್ಕಿನ ಪಕ್ಕಕ್ಕೆ ಉಜ್ಜಬೇಡಿ, ಅದು ಒಡೆಯುವುದು ಹಾಗೆ ಉಜ್ಜಿದಾಗಲೇ. ಅದರ ಬದಲು ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಅಂಟಿಸಿ, ಶಾಫ್ಟನ್ನು ಅದೇ ಬ್ಲಾಕಿನಲ್ಲಿ ನಿಲ್ಲಿಸಿ, ನೀರು ಹಾಕಿ ಉಜ್ಜಿ. 180 ಗ್ರಿಟ್ಟಿನಿಂದ ಶುರು, ಆಮೇಲೆ 400. ಪೇಪರ್ ಬ್ಲಾಕಿನ ತಳವನ್ನೂ ತಿನ್ನುತ್ತದೆ, ಹಾಗಾಗಿ ತಳಕ್ಕೆ ಮೂರು ಒಂದೇ ದಪ್ಪದ ಸ್ಟೀಲ್ ವಾಷರ್ ಅಂಟಿಸಿ, ಅವು ಪೇಪರಿನ ಆಚೆ ಗಾಜಿನ ಮೇಲೆ ಓಡುವಂತೆ ಪೇಪರನ್ನು ಚಿಕ್ಕದಾಗಿ ಕತ್ತರಿಸಿಕೊಳ್ಳಿ. ನಿಧಾನ, ಆದರೆ ತಣ್ಣಗೆ.

ಕೊನೆಗೆ ಅಂಚಿನ ಮುಳ್ಳು. ಅರ ಕಚ್ಚುವುದಿಲ್ಲ, ಸಾಣೆಕಲ್ಲಿಗೆ 45 ಡಿಗ್ರಿಯಲ್ಲಿ ತಾಗಿಸಿ ಶಾಫ್ಟನ್ನು ತಿರುಗಿಸಿ. ಬೇರಿಂಗ್ ಒಳಗೆ ಹೋಗಬೇಕಾದ ತುದಿಗೆ ಅರ್ಧ ಮಿಲಿಮೀಟರ್ ಚೇಂಫರ್ (ಓರೆಯಾಗಿ ಸವೆಸಿದ ಅಂಚು) ಇರಲಿ, ಇಲ್ಲದಿದ್ದರೆ ಬೇರಿಂಗಿನ ಸೀಲನ್ನು ಕೊರೆದುಬಿಡುತ್ತದೆ.

ನೇರ ಆಗಿದೆಯಾ ಅಂತ ನೋಡುವ ಪರೀಕ್ಷೆ ಇನ್ನೂ ಸುಲಭ. ಅದೇ ಗಾಜಿನ ಮೇಲೆ ತುಂಡನ್ನು ತುದಿಯ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಮೂಲೆಮಟ್ಟ. ಶಾಫ್ಟನ್ನು ನಿಂತಲ್ಲೇ ಮೆಲ್ಲಗೆ ತಿರುಗಿಸುತ್ತಾ ಮೇಲ್ಗಡೆಯ ಸಂದನ್ನು ನೋಡಿ. ತಿರುಗಿದಂತೆ ಸಂದು ಹಿಗ್ಗಿ ಕುಗ್ಗಿದರೆ ತುದಿ ಓರೆ. 10 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಉದ್ದದ ತುಂಡಿನಲ್ಲಿ ತುದಿಯ 0.02 ಮಿಲಿಮೀಟರ್ ತಪ್ಪು ಮೇಲ್ಗಡೆ 0.2 ಆಗಿ, ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಚಪ್ಪಟೆ ತುಂಡುಗಳು

ಹ್ಯಾಕ್ಸಾ ಬ್ಲೇಡು, ಹಳೆ ಅರ, ತೆಳು ಪಟ್ಟಿ, ಇಂಥವನ್ನು ಪೂರ್ತಿ ಕತ್ತರಿಸುವ ಅಗತ್ಯವೇ ಇಲ್ಲ. ಸ್ಟೀಲ್ ಪಟ್ಟಿಯೊಂದನ್ನು ಗೆರೆಗೆ ಕ್ಲಾಂಪ್ ಮಾಡಿ, ಅದಕ್ಕೆ ಒರಗಿಸಿಕೊಂಡು ಎರಡೂ ಮುಖದಲ್ಲಿ ಮೂರನೇ ಒಂದರಷ್ಟು ಆಳ ಗೀರು ಹಾಕಿ. ಗೀರು ವೈಸಿನ ದವಡೆಯ ಅಂಚಿಗೆ ಸರಿಯಾಗಿ ಬರುವಂತೆ ಹಿಡಿದು, ಹೊರಗಿನ ತುಂಡಿಗೆ ದಪ್ಪ ಬಟ್ಟೆ ಸುತ್ತಿ, ಸುತ್ತಿಗೆಯಲ್ಲಿ ಒಂದು ಏಟು. ಟಕ್ ಅಂತ ಗಾಜಿನಂತೆ ಮುರಿಯುತ್ತದೆ. ಬಟ್ಟೆ ಮರೆತರೆ ಚೂರು ಎಲ್ಲಿಗೆ ಹಾರಿತು ಅಂತ ಹುಡುಕುತ್ತಾ ಕೂರಬೇಕು, ಅದು ನಿಮಗೆ ತಾಗದಿದ್ದರೆ. ಸ್ಪ್ರಿಂಗ್ ಉಕ್ಕು ಹೀಗೆ ಮುರಿಯದೆ ಬಾಗಿ ನಿಲ್ಲಬಹುದು, ಅದಕ್ಕೆ ಗೀರನ್ನು ಇನ್ನಷ್ಟು ಆಳ ಮಾಡಿ.

ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನ ಆರಿಸಿ, ಮೆತ್ತಗೆ ಮಾಡಿ ಆಮೇಲೆ ಕೊಯ್ಯುವ ದಾರಿಯೂ ಇದೆ. ಮ್ಯಾಗ್ನೆಟ್ ಹಿಡಿಯುವುದು ನಿಂತ ಮೇಲೆ, ಅಂದರೆ 770 ಡಿಗ್ರಿ ದಾಟಿದ ಮೇಲೆ ಇನ್ನೂ ಸ್ವಲ್ಪ ಕಾಯಿಸಿ ಬೂದಿಗೆ ಹಾಕಬೇಕು. ಮಾಮೂಲಿ ಕಾರ್ಬನ್ ಸ್ಟೀಲಿಗೆ ಸರಿ, ಹೈಸ್ಪೀಡ್ ಸ್ಟೀಲ್ ಹೀಗೆಲ್ಲ ಮಣಿಯುವುದಿಲ್ಲ. ಗಟ್ಟಿತನ ಆಮೇಲೆ ಬೇಕೇಬೇಕು ಅನ್ನುವಂತಿದ್ದರೆ ಮತ್ತೆ ಹದ ಹಾಕಬೇಕಾಗುತ್ತದೆ, ಆಗ ತುಂಡು ಸೊಟ್ಟಗಾದರೆ ನನ್ನನ್ನು ಬೈಯಬೇಡಿ.

ಸತು ಲೇಪಿಸಿದ ಬೋಲ್ಟಾದರೆ ಕತ್ತರಿಸುವ ಜಾಗದ ಲೇಪ ಮೊದಲು ಎಮರಿ ಪೇಪರಿನಲ್ಲಿ ತೆಗೆಯಿರಿ, ಅದರ ಹೊಗೆ ಕುಡಿಯುವಂಥದ್ದಲ್ಲ. ಕಿಡಿ ಹೋಗುವ ದಿಕ್ಕಿನಲ್ಲಿ ಮರದ ಹೊಟ್ಟು, ಎಣ್ಣೆ ಬಟ್ಟೆ, ಕಿಟಕಿ ಗಾಜು ಇರಬಾರದು. ಗಾಜಿಗೆ ಬಿದ್ದ ಕಿಡಿ ಅಲ್ಲೇ ಕರಗಿ ಅಂಟುತ್ತದೆ, ಉಜ್ಜಿದರೂ ಹೋಗಲ್ಲ. ಕೆಲಸ ಮುಗಿದು ಅರ್ಧ ಗಂಟೆ ಆದ ಮೇಲೆ ಶೆಡ್ಡಿಗೆ ಇನ್ನೊಮ್ಮೆ ಹೋಗಿ ಮೂಸಿ ನೋಡಿ. ವೈಸಿನ ಸ್ಕ್ರೂ ಮೇಲೆ ಬಿದ್ದ ಕಪ್ಪು ಪುಡಿಯನ್ನು ಅವತ್ತೇ ಒರೆಸಿಬಿಡಿ, ಅದು ಎಣ್ಣೆಯ ಜೊತೆ ಸೇರಿದರೆ ಲೋಹ ಸವೆಸುವ ಎಮರಿ ಪೇಸ್ಟೇ.